ಅತ್ತೆಯನ್ನು ತಂಪಾಗಿಡುವ ಬಗೆ

ಅತ್ತೆ ಮುನಿಸಿಕೊಂಡು ಮಗಳ ಮನೆಗೆ ಹೊರಟಾಗ ಬೇಸಿಗೆ ಇನ್ನೂ ಸರಿಯಾಗಿ ಕಾಲೂರಿರಲಿಲ್ಲ. ನಾಲ್ಕು ದಿನ ಇದ್ದು ಬರುತ್ತೇನೆ ಎಂದಿದ್ದರು. ಆದರೆ ನಾಲ್ಕು ದಿನಕ್ಕೆಂದು ಹೊರಟವರು ತಮ್ಮ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಹೋಗುವುದಿಲ್ಲ ಎಂಬುದು ಸೊಸೆಗೆ ಗೊತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ಆ ದಿಂಬು ಮರೆಯಾಗುವವರೆಗೂ ಅವಳು ಹೊಸ್ತಿಲಲ್ಲೇ ನಿಂತಿದ್ದಳು. ಬೆನ್ನ ಹಿಂದಿನಿಂದ ಮಾವನ ದನಿ ಬಂತು.

"ಬಾಗಿಲು."

ಅವಳು ಬಾಗಿಲು ಹಾಕಿದಳು.

ಜಗಳ ಶುರುವಾದದ್ದು ಒಂದು ಗೋಡೆಯಿಂದ. ಅವರದು ಕಟ್ಟಡದ ಕಟ್ಟಕಡೆಯ ಮಹಡಿ. ತಲೆಯ ಮೇಲೆ ಬರೀ ತಾರಸಿ, ಪಡುವಣಕ್ಕೆ ಉದ್ದಾನುದ್ದ ಗೋಡೆ. ಹಗಲೆಲ್ಲ ಬಿಸಿಲು ಕುಡಿದ ಆ ಗೋಡೆ ಕತ್ತಲಾದ ಮೇಲೆ ಇಸ್ತ್ರಿಪೆಟ್ಟಿಗೆಯ ಹಾಗೆ ಕೋಣೆಯ ಒಳಕ್ಕೆ ಸುಡುತ್ತಿತ್ತು. ಅತ್ತೆಯ ಮಂಚ ಇದ್ದದ್ದು ಅದಕ್ಕೆ ಆತುಕೊಂಡೇ. ಅತ್ತೆಗೋ ಈಚೆಗೆ ಮೈಯ ಒಳಗಿನಿಂದಲೇ ಶಾಖ ಏಳುವ ವಯಸ್ಸು. ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿ, ಕಾಲನ್ನು ಬಕೆಟ್ಟಿನ ನೀರಿನಲ್ಲಿ ಇಟ್ಟುಕೊಂಡು ಕೂತು, ಒಂದು ಏಸಿ ಹಾಕಿಸಿ ಎಂದು ಗಂಡನನ್ನು ಕೇಳಿದರು. ಮಾವ ಆಗಲ್ಲ ಎಂದರು. ಯಾಕೆ ಎಂದರೆ ಒಂದು ದಿನ ಕರೆಂಟ್ ದಂಡ ಎಂದರು, ಇನ್ನೊಂದು ದಿನ ಮೈಗೆ ಒಗ್ಗುವುದಿಲ್ಲ ಎಂದರು. ಮಗ ತಾನೇ ಕೊಡಿಸುತ್ತೇನೆ ಎಂದು ಮುಂದೆ ಬಂದರೂ ಮಾವ ಜಪ್ಪಯ್ಯ ಎನ್ನಲಿಲ್ಲ. ಅತ್ತೆಯ ತಾಳ್ಮೆಯ ಕಟ್ಟೆ ಒಡೆಯಿತು.

"ಜೀವಮಾನವೆಲ್ಲ ಆಲೂಗಡ್ಡೆನ ತಂಪಾಗಿ ಇಟ್ಕೊಂಡ್ರಿ," ಎಂದರು ಬಟ್ಟೆ ಮಡಚುತ್ತಾ. "ಕಟ್ಕೊಂಡ ಹೆಂಡ್ತಿನ ಒಂದು ಬೇಸಿಗೆ ತಂಪಾಗಿ ಇಟ್ಕೊಳ್ಳೋಕೆ ಆಗಲಿಲ್ಲ ನಿಮ್ಮ ಕೈಲಿ."

ಮಾತು ನಾಟಿತು. ನಾಟುವಂಥದ್ದೇ ಮಾತು ಅದು. ಮಾವ ಮೀಸೆ ಹುಟ್ಟಿದಾಗಿನಿಂದ ನಿವೃತ್ತಿಯಾಗುವವರೆಗೆ ಒಂದು ಕೋಲ್ಡ್ ಸ್ಟೋರೇಜಿನ ಮೇಸ್ತ್ರಿಯಾಗಿದ್ದವರು. ಊರೆಲ್ಲ ಬೆವರು ಸುರಿಸುವ ದಿನಗಳಲ್ಲಿ ಉಣ್ಣೆ ಟೋಪಿ ಹಾಕಿಕೊಂಡು ಮೂಟೆಗಳ ನಡುವೆ ಓಡಾಡಿದವರು. ಅಲ್ಲಿಯ ಹಮಾಲಿಗಳು ಅವರಿಗೆ ಬಾಗಿಲಪ್ಪ ಎಂದು ಹೆಸರಿಟ್ಟಿದ್ದರು, ಯಾಕೆಂದರೆ ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಅವರ ಬಾಯಿಂದ ಬರುತ್ತಿದ್ದದ್ದು ಅದೊಂದೇ ಮಾತು. ಮನೆಯಲ್ಲೂ ಫ್ರಿಜ್ಜಿನ ಮುಂದೆ ಯಾರಾದರೂ ಕ್ಷಣ ಹೊತ್ತು ಯೋಚಿಸುತ್ತಾ ನಿಂತರೆ ಸಾಕು, ಕೋಣೆಯಿಂದಲೇ ಕೂಗು ಬರುತ್ತಿತ್ತು. ಇಂಥವರಿಗೆ ಹೆಂಡತಿ ಹಾಗೆ ಹೇಳಿ ಹೋದರೆ ಹೇಗಾಗಬೇಡ.

ಸೊಸೆಗೆ ಆದ ನಷ್ಟವೇ ಬೇರೆ. ಅವಳು ಈ ಮನೆಗೆ ಬಂದು ವರ್ಷವಾಗಿತ್ತು. ಈ ವರ್ಷದಲ್ಲಿ ಮಾವನ ಜೊತೆ ನೇರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಯಾರೂ ಆಡಬೇಡ ಎಂದಿರಲಿಲ್ಲ. ಮೊದಲ ದಿನ ನಾಚಿಕೆಯಾಯಿತು, ಎರಡನೆಯ ದಿನ ಮೊದಲ ದಿನ ಮಾತಾಡಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಆಮೇಲೆ ಅದೇ ರೂಢಿಯಾಗಿಬಿಟ್ಟಿತು. ಮಾವನೂ ಆ ವಿಷಯದಲ್ಲಿ ಅವಳಿಗೇನೂ ಕಡಿಮೆಯಿರಲಿಲ್ಲ. ಆಲೂಗಡ್ಡೆಯ ನಡುವೆ ಬದುಕಿದವರಿಗೆ ಮಾತು ಎಲ್ಲಿಂದ ಬರಬೇಕು ಎಂದು ಅತ್ತೆ ಹಾಸ್ಯ ಮಾಡುತ್ತಿದ್ದರು. ಹಾಗಾಗಿ ಸೊಸೆಯ ಮಾತೆಲ್ಲ ಅತ್ತೆಯ ಬಾಯಿಂದ ಹೋಗುತ್ತಿತ್ತು, ಮಾವನದೂ ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತು. ಅವಳು ಒಲೆಯ ಮುಂದೆ ನಿಂತು, ಟೀ ಈಗಲೇ ಕೊಡಲೋ ಆಮೇಲೋ ಎಂದು ಪಿಸುಗುಟ್ಟಿದರೆ ಅತ್ತೆ ಅದನ್ನು ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ದಾರಿಯಲ್ಲಿ ಒಂದಿಷ್ಟು ಉಪ್ಪು ಖಾರವನ್ನೂ ಸೇರಿಸುತ್ತಿದ್ದರು. ಸೊಸೆ ಕೇಳಿದ್ದು ಟೀ ವಿಷಯವಾದರೆ, ಮಾವನಿಗೆ ತಲುಪುತ್ತಿದ್ದದ್ದು, "ರೀ, ಪಾಪ ಆ ಹುಡುಗಿ ಲೋಟ ಹಿಡ್ಕೊಂಡು ನಿಂತಿದಾಳೆ, ಪೇಪರ್ ಏನು ಓಡಿ ಹೋಗುತ್ತಾ?" ಅವಳು ಒಳಗೊಳಗೇ ನಗುತ್ತಿದ್ದಳು. ಮನೆಯಲ್ಲಿ ತನ್ನ ಪರವಾಗಿ ಒಂದು ನಾಲಿಗೆ ಇದೆ ಎನ್ನುವ ಧೈರ್ಯ ಅವಳಿಗೆ. ಈಗ ಆ ನಾಲಿಗೆ ದಿಂಬಿನ ಸಮೇತ ಹೊರಟುಹೋಗಿತ್ತು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನಿಗೆ ರಾತ್ರಿ ಪಾಳಿ. ಬೆಳಗ್ಗೆ ಬಂದು ಮೈಮೇಲೆ ಒದ್ದೆ ಟವೆಲ್ ಹಾಸಿಕೊಂಡು ಮಲಗಿದರೆ ಲೋಕದ ಪರಿವೆಯಿಲ್ಲ. ಹೀಗಾಗಿ ಹಗಲಲ್ಲಿ ಮನೆಯಲ್ಲಿ ಉಳಿದದ್ದು ಮಾತಿಲ್ಲದ ಇಬ್ಬರು. ಮಾವ ಗೋಡೆ ನೋಡಿಕೊಂಡು, ಒಂದು ಲೋಟ ನೀರಿದ್ದರೆ ಚೆನ್ನಾಗಿತ್ತು ಎನ್ನುವರು. ಅವಳು ನೀರು ತಂದು ಮೇಜಿನ ಮೇಲೆ ಲೋಟದ ಸದ್ದಾಗುವಂತೆ ಇಡುವಳು. ಊಟಕ್ಕೆ ಏಳಿ ಎನ್ನಲು ತಟ್ಟೆಯನ್ನು ಎರಡು ಸಲ ಕುಟ್ಟುವಳು. ಇಷ್ಟರಲ್ಲಿ ಆಗದ ವ್ಯವಹಾರಕ್ಕೆ ಫೋನ್ ಇತ್ತು. ಉಪ್ಪು ಮುಗಿದಿದೆ ಎಂದು ಅಡುಗೆಮನೆಯಿಂದ ಅವಳು ಅತ್ತೆಗೆ ಫೋನ್ ಮಾಡಿದರೆ, ಅತ್ತೆ ಊರಿನ ಆ ತುದಿಯಿಂದ ಮಾವನಿಗೆ ಫೋನ್ ಮಾಡುವರು, ಪಕ್ಕದ ಕೋಣೆಯಲ್ಲಿ ಗಂಟೆ ಬಾರಿಸುವುದು ಅವಳಿಗೆ ಕೇಳಿಸುವುದು, ಮಾವ ಚೀಲ ಹಿಡಿದು ಅವಳ ಮುಂದೆಯೇ ಮೆಟ್ಟಿಲಿಳಿದು ಹೋಗುವರು. ಆ ಫೋನಿನಲ್ಲೇ ಅತ್ತೆ ಮಗಳ ಮನೆಯ ಸುಖವನ್ನೂ ಹೇಳುತ್ತಿದ್ದರು. ಗುಂಡಿ ಒತ್ತಿದರೆ ತಂಪು, ಹೊದಿಕೆ ಹೊದ್ದು ಮಲಗುವುದು. "ನಿದ್ದೆ ಮಾತ್ರ ಹತ್ತಲ್ಲ ಕಣೇ," ಎಂದು ಕೊನೆಗೆ ಸೇರಿಸುವರು. ಹೊಸ ಜಾಗ ಎಂದು ಸೊಸೆ ಸಮಾಧಾನ ಹೇಳುವಳು. ಯಾವಾಗ ಬರುತ್ತೀರಿ ಎಂದರೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳಿ ಫೋನ್ ಇಡುವರು.

ಅತ್ತ ಮಾವ ಸುಮ್ಮನೆ ಕೂತಿರಲಿಲ್ಲ. ಹೆಂಡತಿ ಹೋದ ಮಾರನೆಯ ದಿನದಿಂದಲೇ ಮನೆಯನ್ನು ಕೋಲ್ಡ್ ಸ್ಟೋರೇಜ್ ಮಾಡಲು ಟೊಂಕ ಕಟ್ಟಿ ನಿಂತರು. ಕಿಟಕಿಗಳ ಸಂದಿಗೆಲ್ಲ ಅಂಟಿನ ಪಟ್ಟಿ ಒತ್ತಿದರು. ಬಾಗಿಲ ಅಡಿಯ ಸಂದಿಗೆ ಹಳೆಯ ಪಂಚೆಯನ್ನು ಹಾವಿನ ಹಾಗೆ ಹೊಸೆದು ಇಟ್ಟರು. ಬಚ್ಚಲಿನ ಗಾಳಿಕಿಂಡಿಗೆ ರಟ್ಟು ಬಡಿದರು. ಅಡುಗೆಮನೆಯ ಬಾಗಿಲಿಗೆ, ಹಿಂದೆ ಸ್ಟೋರೇಜ್ ಮುಚ್ಚುವಾಗ ಗುಜರಿಗೆ ಹೋಗಲಿದ್ದದ್ದನ್ನು ಕೇಳಿ ತಂದಿಟ್ಟಿದ್ದ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆಯನ್ನು ತೂಗುಹಾಕಿದರು. ಒಲೆಯ ಶಾಖ ಅಡುಗೆಮನೆಯಲ್ಲೇ ಇರಲಿ ಎಂದು. ಇತ್ತು. ಒಲೆಯ ಶಾಖವೂ ಇತ್ತು, ಅದರ ಜೊತೆ ಸೊಸೆಯೂ ಇದ್ದಳು. ತಟ್ಟೆ ಹಿಡಿದು ಹೊರಬಂದಾಗಲೆಲ್ಲ ಆ ಪಟ್ಟಿಗಳು ಅವಳ ಕೆನ್ನೆಗೆ ಎರಡು ಬಿಟ್ಟು ಕಳಿಸುತ್ತಿದ್ದವು. ಬೆಂದುಹೋಗುತ್ತಿದ್ದೇನೆ ಎಂದು ಹೇಳಲು ಅವಳಿಗೆ ಬಾಯಿಲ್ಲ. ಅತ್ತೆಗೆ ಫೋನಿನಲ್ಲಿ ಹೇಳಿದರೆ ಇದ್ದ ಜಗಳಕ್ಕೆ ಇನ್ನೊಂದು ಸೌದೆ ಇಟ್ಟ ಹಾಗೆ. ಬೆವರೊರೆಸಿಕೊಂಡು ಅಡುಗೆ ಮುಂದುವರಿಸಿದಳು.

ಕೊನೆಗೆ ಮಾವ ಪೆಟ್ಟಿಗೆಯಿಂದ ಒಂದು ಥರ್ಮಾಮೀಟರ್ ತೆಗೆದು ನಡುಮನೆಯ ಮೊಳೆಗೆ ನೇತುಹಾಕಿದರು. ಗಡಿಯಾರದ ಹಾಗೆ ದುಂಡಗೆ, ಒಂದು ಮುಳ್ಳು. ಅದೂ ಸ್ಟೋರೇಜಿನದೇ. ಚಳಿಯನ್ನು ಅಳೆಯುವುದಕ್ಕೆಂದು ಮಾಡಿದ್ದಾದ್ದರಿಂದ ಅದರ ಗೆರೆಗಳೆಲ್ಲ ಸೊನ್ನೆಯ ಆಚೆ ಈಚೆಯೇ ಇದ್ದವು. ಬಿಸಿಯ ಕಡೆ ಮೂವತ್ತು ಡಿಗ್ರಿಗೆ ಅದರ ಆಟ ಮುಗಿಯುತ್ತಿತ್ತು. ಈ ಮನೆಯ ಸೆಕೆಗೆ ಮುಳ್ಳು ಆ ಕೊನೆಯ ಗೆರೆಗೆ ಹೋಗಿ ಒರಗಿ ಕೂತಿತು. ಹಗಲೂ ಅಲ್ಲೇ, ರಾತ್ರಿಯೂ ಅಲ್ಲೇ. ಮಾವ ಅದರ ಗಾಜನ್ನು ಬೆರಳಿನಿಂದ ತಟ್ಟುವರು, ಇನ್ನೊಂದು ಸಂದಿ ಹುಡುಕಿ ಪಟ್ಟಿ ಒತ್ತುವರು, ಮತ್ತೆ ಬಂದು ತಟ್ಟುವರು. ಹೊರಗಿನ ಒಂದು ಉಸಿರೂ ಒಳಗೆ ಬರದ ಹಾಗಾಯಿತು, ಒಳಗಿನದು ಹೊರಗೆ ಹೋಗದ ಹಾಗೂ ಆಯಿತು. ರಾತ್ರಿ ತಾರಸಿ ಮತ್ತು ಗೋಡೆ ಉಗುಳಿದ ಬಿಸಿಯೆಲ್ಲ ಮನೆಯಲ್ಲೇ ತಂಗಿ ಬೆಳಗಿನವರೆಗೆ ಕಾದು ಕೂರುತ್ತಿತ್ತು. ಮಾವ ಬನಿಯನ್ ಹಿಂಡಿ ಒಣಗಹಾಕುತ್ತಿದ್ದರೇ ಹೊರತು ಪಟ್ಟಿ ಕೀಳುತ್ತಿರಲಿಲ್ಲ. ತಂಪು ಬೇಕೆಂದರೆ ಬಾಗಿಲು ಮುಚ್ಚಬೇಕು ಎಂಬುದು ಅವರಿಗೆ ಉಸಿರಾಡಿದಷ್ಟು ಸಹಜವಾದ ಸಂಗತಿ.

ಮನೆಯಲ್ಲಿ ಮೊದಲು ಏಳುತ್ತಿದ್ದವಳು ಸೊಸೆ. ಬಾನು ಬೂದಿಬಣ್ಣಕ್ಕೆ ತಿರುಗುವ ಹೊತ್ತಿಗೆ ಎದ್ದು, ಪಾಳಿ ಮುಗಿಸಿ ಬರುವ ಗಂಡನಿಗೆ ಅಡುಗೆ ಮಾಡಬೇಕು. ಒಂದು ಬೆಳಗ್ಗೆ ಒಲೆ ಹಚ್ಚಿದ್ದೇ ತಡ, ಅವಳಿಗೆ ತಲೆ ಗಿರ್ರೆಂದಿತು. ಯೋಚಿಸುತ್ತಾ ನಿಲ್ಲದೆ ಅಡುಗೆಮನೆಯ ಕಿಟಕಿಯ ಪಟ್ಟಿಯನ್ನು ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ, ರೆಕ್ಕೆ ತೆರೆದಳು. ತಣ್ಣಗಿನ ಗಾಳಿ ಮುಖಕ್ಕೆ ಬಂತು. ಹೊರಗೆ ಇಷ್ಟು ತಂಪಿರುವಾಗ ತಾವು ಒಳಗೆ ಬೇಯುತ್ತಿದ್ದೇವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಮಾವನ ಗೊರಕೆ ಕೇಳಿಸುತ್ತಿತ್ತು. ಕಳ್ಳಿಯ ಹಾಗೆ ಹೆಜ್ಜೆ ಹಾಕಿ ಎದುರಿನ ಬಾಲ್ಕನಿ ಬಾಗಿಲನ್ನೂ ತೆರೆದಳು. ಗಾಳಿ ಮನೆಯ ಈ ಕಡೆಯಿಂದ ನುಗ್ಗಿ ಆ ಕಡೆಗೆ ಹಾದುಹೋಯಿತು. ಪ್ಲಾಸ್ಟಿಕ್ ಪಟ್ಟಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಮಾವ ಏಳುವ ಮೊದಲೇ ಎಲ್ಲವನ್ನೂ ಮುಚ್ಚಿ, ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ, ಏನೂ ನಡೆದೇ ಇಲ್ಲವೆಂಬಂತೆ ಒಲೆಯ ಮುಂದೆ ನಿಂತಳು.

ಮಾರನೆಯ ಬೆಳಗ್ಗೆಯೂ ತೆರೆದಳು. ಅದರ ಮಾರನೆಯ ದಿನ ಇನ್ನೂ ಬೇಗ ಎದ್ದು, ಹೆಚ್ಚು ಹೊತ್ತು ತೆರೆದಿಟ್ಟಳು. ಅವತ್ತು ಮಾವ ಎದ್ದು ಬಂದು ಅಭ್ಯಾಸದಂತೆ ಗಾಜನ್ನು ತಟ್ಟಿದರು. ಇನ್ನೊಂದು ಸಲ ತಟ್ಟಿದರು. ಕನ್ನಡಕ ತಂದು ಹಾಕಿಕೊಂಡು ನೋಡಿದರು. ಮುಳ್ಳು ಕೊನೆಯ ಗೆರೆ ಬಿಟ್ಟು ಕೆಳಗಿಳಿದಿತ್ತು.

ಮಾವನ ಮುಖ ಅಷ್ಟು ಅರಳಿದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಟೀ ಕುಡಿಯುವುದನ್ನೂ ಮರೆತು ಹೆಂಡತಿಗೆ ಫೋನ್ ಹಚ್ಚಿದರು. ಪಟ್ಟಿಗಳು ಕೆಲಸ ಮಾಡಿವೆ, ಏಸಿ ಗೀಸಿ ಏನೂ ಬೇಡ, ಬಂದು ನೋಡು ಎಂದರು. ಆ ಕಡೆಯಿಂದ ಅತ್ತೆ ಹೇಳಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಅವರ ದನಿಗೆ ಫೋನಿನ ಅಗತ್ಯವೇ ಇರಲಿಲ್ಲ.

"ಭಾನುವಾರ ಬರ್ತೀನಿ. ಒಂದು ರಾತ್ರಿ ಇದ್ದು ನೋಡ್ತೀನಿ. ನೀವು ಹೇಳಿದ್ದು ಸುಳ್ಳಾದ್ರೆ ಮಾತ್ರ, ಚಳಿಗಾಲ ಬರೋವರೆಗೂ ನಾನು ಆ ಮನೆ ಕಡೆ ತಲೆ ಹಾಕಲ್ಲ, ಈಗಲೇ ಹೇಳಿದೀನಿ."

ಮುಂದೆ ಆಗುವುದೆಲ್ಲ ಸೊಸೆಯ ಕಣ್ಣಿಗೆ ಕಟ್ಟಿತು. ಭಾನುವಾರ ರಾತ್ರಿ ಮಾವ ಹೆಮ್ಮೆಯಿಂದ ಮನೆಯನ್ನು ಬಿಗಿಯಾಗಿ ಮುಚ್ಚುತ್ತಾರೆ, ಅತ್ತೆ ಆ ಗೋಡೆಯ ಪಕ್ಕ ಬೆಳಗಿನವರೆಗೆ ಬೇಯುತ್ತಾರೆ, ಎದ್ದು ಚೀಲ ಹಿಡಿದು ಹೊರಟುಬಿಡುತ್ತಾರೆ. ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ. ಗಂಡ ಬಂದಾಗ, ಕಿಟಕಿಯ ವಿಷಯ ನೀವೇ ನಿಮ್ಮಪ್ಪನಿಗೆ ಹೇಳಿ ಎಂದು ಕಿವಿಯಲ್ಲಿ ಉಸುರಿದಳು. ಅವನು ಅರ್ಧ ನಿದ್ದೆಯಲ್ಲಿ, ನೀನು ಕಂಡದ್ದನ್ನು ನೀನೇ ಹೇಳಬೇಕು, ನಮ್ಮಪ್ಪ ಏನು ಹುಲಿಯಾ ಎಂದು ಮಗ್ಗುಲಾದ. ಅತ್ತೆಗೆ ಫೋನ್ ಮಾಡಿ ಹೇಳೋಣವೆಂದರೆ, ನಿಮ್ಮ ಯಜಮಾನರ ಪಟ್ಟಿಯಿಂದ ತಂಪಾದದ್ದಲ್ಲ ಎಂದು ಅವರಿಗೆ ಹೇಳುವುದು ಹೇಗೆ? ಅದನ್ನು ಹಿಡಿದು ಅವರು ಮಾವನನ್ನು ವರ್ಷಗಟ್ಟಲೆ ಆಡಿಕೊಳ್ಳುವರು. ಬೇರೆಲ್ಲ ಸುದ್ದಿ ಸಾಗಿಸಿದ ದಾರಿಯಲ್ಲಿ ಈ ಒಂದು ಸುದ್ದಿ ಹೋಗುವಂತಿರಲಿಲ್ಲ.

ಮಾರನೆಯ ಬೆಳಗ್ಗೆ ಅವಳು ಕಿಟಕಿ ತೆರೆಯಲೇ ಇಲ್ಲ. ಮಾವ ಎದ್ದು ಬಂದರು. ಗಾಜು ತಟ್ಟಿದರು. ಮುಳ್ಳು ಮತ್ತೆ ಕೊನೆಯ ಗೆರೆಗೆ ಒರಗಿ ಕೂತಿತ್ತು. ಅವರು ಅದರ ಮುಂದೆಯೇ ನಿಂತುಬಿಟ್ಟರು. ಹಿಂದಿನಿಂದ ನೋಡಿದರೆ ಅವರ ಭುಜ ಇಳಿದಿರುವುದು ಕಾಣುತ್ತಿತ್ತು. ಸೊಸೆ ಪ್ಲಾಸ್ಟಿಕ್ ಪರದೆಯ ಈಚೆ, ಸೌಟು ಹಿಡಿದು ನಿಂತಿದ್ದಳು. ಆ ಪಟ್ಟಿಗಳ ಮೂಲಕ ಮಾವ ಮಸುಕು ಮಸುಕಾಗಿ ಕಾಣುತ್ತಿದ್ದರು, ಅವಳೂ ಅವರಿಗೆ ಹಾಗೆಯೇ ಕಾಣುತ್ತಿದ್ದಿರಬೇಕು. ಅದೇ ಅವಳಿಗೆ ಧೈರ್ಯ ಕೊಟ್ಟಿತೋ ಏನೋ.

"ಮಾವ," ಎಂದಳು. "ಅದು ನಾನು."

ಮಾವ ತಿರುಗಿದರು. ದನಿ ಯಾವ ಕಡೆಯಿಂದ ಬಂತೆಂದು ಅವರಿಗೆ ಮೊದಲು ಹೊಳೆಯಲಿಲ್ಲ. "ಯಾವುದು?"

"ಮುಳ್ಳು ಇಳಿಸಿದ್ದು. ಬೆಳಗ್ಗೆ ನೀವು ಏಳೋ ಮುಂಚೆ ಕಿಟಕಿ ತೆಗೀತಿದ್ದೆ. ಬಾಲ್ಕನಿ ಬಾಗಿಲೂನೂ. ಒಳಗಿರೋ ಬಿಸಿ ಎಲ್ಲಾ ಹೊರಗೆ ಹೋಗ್ತಿತ್ತು. ಇವತ್ತು ತೆಗೀಲಿಲ್ಲ, ಅದಕ್ಕೇ ಹೀಗೆ."

ಇಷ್ಟನ್ನು ಅವಳು ಒಂದೇ ಉಸಿರಿಗೆ ಹೇಳಿದಳು. ಅವಳ ಪಾಲಿಗೆ ಅದೊಂದು ಭಾಷಣವೇ. ಮಾವ ಪರದೆಯ ಹತ್ತಿರ ಬಂದರು. ಈಗ ಬಿರುಗಾಳಿ ಏಳುತ್ತದೆ ಎಂದು ಅವಳು ಸೌಟನ್ನು ಗಟ್ಟಿಯಾಗಿ ಹಿಡಿದಳು. ಮಾವ ಪಟ್ಟಿಗಳನ್ನು ಎರಡೂ ಕೈಯಿಂದ ಸರಿಸಿ ತಲೆ ಒಳಗೆ ಹಾಕಿದರು. ಒಲೆಯ ಝಳ ಮುಖಕ್ಕೆ ಬಡಿದದ್ದೇ ತಲೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಇಷ್ಟು ದಿನ ಇದರೊಳಗಾ ನಿಂತು ಅಡುಗೆ ಮಾಡ್ತಿದ್ದೆ?"

ಅವಳು ತಲೆಯಾಡಿಸಿದಳು. ಮಾವ ಹೋಗಿ ಬಾಲ್ಕನಿ ಬಾಗಿಲನ್ನು ತಾವೇ ತೆರೆದು, ಅಂಗೈಯನ್ನು ಹೊರಗೆ ಚಾಚಿ ನೋಡಿದರು, ಒಳಗೆ ತಂದು ನೋಡಿದರು. ಮೇಸ್ತ್ರಿಯ ತಲೆ ಓಡತೊಡಗಿತ್ತು. ಎಷ್ಟು ಹೊತ್ತಿಗೆ ತೆರೆಯುತ್ತಿದ್ದೆ, ಯಾವುದನ್ನು ಮೊದಲು, ಬಿಸಿಲು ಬಂದ ಮೇಲೂ ತೆರೆದಿಟ್ಟು ನೋಡಿದೆಯಾ ಎಂದು ಒಂದೊಂದಾಗಿ ಕೇಳಿದರು. ಅವಳೂ ಒಂದೊಂದಾಗಿ ಹೇಳಿದಳು. ಬಿಸಿಲೇರಿದ ಮೇಲೆ ತೆರೆದರೆ ಉರಿಯೇ ಒಳಗೆ ಬರುತ್ತದೆ, ಆಗ ನಿಮ್ಮ ಪಟ್ಟಿಯೇ ಸರಿ ಎಂದದ್ದು ಅವರಿಗೆ ಹಿತವಾಯಿತು.

"ಅಲ್ಲಿ ಮಷೀನ್ ಇತ್ತು," ಎಂದರು ಮಾವ, ತಮಗೆ ತಾವೇ ಹೇಳಿಕೊಳ್ಳುವವರಂತೆ. "ಒಳಗಿನ ಬಿಸಿನ ಎಳೆದೆಳೆದು ಹೊರಗೆ ಹಾಕ್ತಿತ್ತು. ನಾವು ಬಾಗಿಲು ಕಾದ್ರೆ ಸಾಕಿತ್ತು. ಇಲ್ಲಿ ಹೊರಗೆ ಹಾಕೋರು ಯಾರು ಅಂತ ನಾನು ಯೋಚನೆನೇ ಮಾಡ್ಲಿಲ್ಲ ನೋಡು."

ಮಷೀನಿನ ಮಾತು ಬಂದದ್ದರಿಂದಲೋ, ಮಾತಿನ ಬಿರಡೆ ಒಮ್ಮೆ ಕಳಚಿದ್ದರಿಂದಲೋ, ಏಸಿ ಯಾಕೆ ಬೇಡ ಎನ್ನುವುದನ್ನೂ ಅವತ್ತು ಹೇಳಿದರು. ಆಗ ಸ್ಟೋರೇಜಿನ ಪಕ್ಕದಲ್ಲೇ ಅವರ ಮನೆಯಿತ್ತು. ಹಗಲೂ ರಾತ್ರಿ ಮಷೀನಿನ ಸದ್ದು. ಸದ್ದು ಇದ್ದಷ್ಟು ಹೊತ್ತೂ ನಿದ್ದೆ, ನಿಂತರೆ ಎಚ್ಚರ. ನಿಂತರೆ ಓಡಬೇಕಿತ್ತು, ಇಲ್ಲದಿದ್ದರೆ ಕೋಣೆಗಟ್ಟಲೆ ಮಾಲು ಕೊಳೆತುಹೋಗುತ್ತಿತ್ತು. ಏಸಿಯೋ, ತಣ್ಣಗಾದೊಡನೆ ತಾನಾಗಿಯೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಒಮ್ಮೆ ಮಗಳ ಮನೆಯಲ್ಲಿ ಮಲಗಿ, ಅದು ನಿಂತಾಗಲೆಲ್ಲ ಎದ್ದು ಕೂತು ಚಪ್ಪಲಿ ಹುಡುಕಿದ್ದರಂತೆ. ಅಳಿಯ ನಕ್ಕಾನು ಎಂದು ಯಾರಿಗೂ ಹೇಳಿರಲಿಲ್ಲ.

"ನಿಮ್ಮತ್ತೆಗೆ ನನಗಿಂತ ಮೊದಲು ಕೇಳಿಸ್ತಿತ್ತು. ನಿಂತಿತು, ಏಳಿ ಅಂತ ಅವಳೇ ನನ್ನ ತಿವೀತಿದ್ದಿದ್ದು."

"ಅತ್ತೆಗೂ ಅಲ್ಲಿ ನಿದ್ದೆ ಬರಲ್ವಂತೆ ಮಾವ," ಎಂದಳು ಸೊಸೆ.

ಮಾವ ಪೇಪರ್ ಎತ್ತಿ ಮುಖಕ್ಕೆ ಹಿಡಿದುಕೊಂಡರು. ಪೇಪರು ತಲೆಕೆಳಗಾಗಿತ್ತು. ಆದರೂ ಬಹಳ ಹೊತ್ತು ಓದಿದರು.

ಭಾನುವಾರಕ್ಕೆ ಮೊದಲು ಮನೆಯಲ್ಲಿ ದೊಡ್ಡ ಕೆಲಸವೇ ನಡೆಯಿತು. ಬಿಸಿಲು ಹೀರದಂತೆ ಸ್ಟೋರೇಜಿನ ಚಾವಣಿಗೆ ಸುಣ್ಣ ಬಳಿಯುತ್ತಿದ್ದರು ಎಂದು ಮಾವ ನೆನಪಿಸಿಕೊಂಡು, ಮಗನನ್ನು ನಿದ್ದೆಯಿಂದ ಎಬ್ಬಿಸಿ ತಾರಸಿಗೆ ಹತ್ತಿಸಿದರು. ಸಂಜೆಯ ಹೊತ್ತಿಗೆ ಅಪ್ಪ ಮಗ ಇಬ್ಬರೂ ಸುಣ್ಣದಲ್ಲಿ ಮಿಂದವರಂತೆ ಇಳಿದು ಬಂದರು. ಗಾಜೇ ಕಾದ ಮೇಲೆ ಪಡುವಣ ಕಿಟಕಿಯ ಒಳಗಿನ ಪರದೆ ಏನು ಮಾಡೀತು ಎಂದು ಸೊಸೆ ಗೋಣಿಚೀಲಗಳನ್ನು ಜೋಡಿಸಿ ಹೊಲಿದು ಹೊರಗಡೆಯೇ ಇಳಿಬಿಟ್ಟಳು. ರಾತ್ರಿ ತೆರೆದಿಡುವ ಕಿಟಕಿಗಳಿಗೆ ಸೊಳ್ಳೆಬಲೆ ಕತ್ತರಿಸಿ ಬಡಿದರು. ಎಲ್ಲ ಮುಗಿದ ಮೇಲೆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೊಸೆ, ಈ ಮಂಚವನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆದರೆ ಏನಾಗುತ್ತದೆ ಎಂದು ಕೇಳಿದಳು. ಅಪ್ಪ ಮಗ ಮುಖ ಮುಖ ನೋಡಿಕೊಂಡರು. ಆ ಮಂಚ ಮನೆಗೆ ಬಂದ ದಿನ ಎಲ್ಲಿ ಇಳಿಸಿದರೋ ಅಲ್ಲೇ ಇತ್ತು. ಅದನ್ನು ಎಳೆಯಬಹುದು ಎಂದು ಅದುವರೆಗೆ ಯಾರಿಗೂ ತೋಚಿರಲಿಲ್ಲ.

ಭಾನುವಾರ ಅತ್ತೆ ಬೇಕೆಂದೇ ನಡುಮಧ್ಯಾಹ್ನಕ್ಕೆ ಬಂದರು. ಪರೀಕ್ಷೆ ಎಂದರೆ ಉರಿಬಿಸಿಲಲ್ಲೇ ಆಗಬೇಕು ಎಂದು ಮಗಳಿಗೆ ಹೇಳಿ ಹೊರಟಿದ್ದರಂತೆ. ಚೀಲವನ್ನು ಬಾಗಿಲ ಹತ್ತಿರವೇ ಇಟ್ಟು, ಚಪ್ಪಲಿಯನ್ನು ಹೊರಮುಖವಾಗಿ ಬಿಟ್ಟು ಒಳಗೆ ಬಂದರು. ಮನೆ ಮಬ್ಬಾಗಿತ್ತು. ಮುಖ ಕಾಣುವಷ್ಟು ಬೆಳಕಿತ್ತು, ಅಷ್ಟೇ. ಅವರು ಮೊದಲು ಹೋದದ್ದು ಆ ಗೋಡೆಯ ಬಳಿಗೆ. ಅಂಗೈ ಒತ್ತಿ ನಿಂತರು. ಕೆನ್ನೆಯನ್ನೂ ತಾಗಿಸಿ ನೋಡಿದರು. ಏನೂ ಹೇಳಲಿಲ್ಲ. ಮಂಚ ಜಾಗ ಬದಲಿಸಿದ್ದನ್ನು ನೋಡಿದರು, ಅದಕ್ಕೂ ಏನೂ ಹೇಳಲಿಲ್ಲ. ನೀರು ಕುಡಿಯಲು ಅಡುಗೆಮನೆಗೆ ಹೊರಟಾಗ ಪ್ಲಾಸ್ಟಿಕ್ ಪಟ್ಟಿ ಮುಖಕ್ಕೆ ಛಟೀರೆಂದು ಬಡಿಯಿತು. ಅದಕ್ಕೆ ಮಾತ್ರ ಬಹಳ ಹೇಳಿದರು. ಹೊಸದಾಗಿ ಬಂದ ಹುಡುಗಿಯನ್ನು ಆಲೂಗಡ್ಡೆಯ ಹಾಗೆ ಬೇಯಿಸಿದ್ದಲ್ಲದೆ ಹೊಡೆಯಲು ಬೇರೆ ಆಳಿಟ್ಟಿದ್ದೀರಾ ಎಂದರು. ಅವತ್ತೇ ಮಾವ ಆ ಪರದೆಯನ್ನು ಇಳಿಸಿ ಸುತ್ತಿಟ್ಟರು.

ಆದರೆ ಅವರನ್ನು ದಂಗುಬಡಿಸಿದ್ದು ಬೇರೆ. ಊಟದ ಹೊತ್ತಿನಲ್ಲಿ ಮಾವ, ಉತ್ತರದ ಕಿಟಕಿ ಯಾವಾಗ ತೆರೆಯೋಣ ಎಂದರು. ಸೊಸೆ, ಬೀದಿದೀಪ ಹತ್ತಿದ ಮೇಲೆ ಸಾಕು ಮಾವ, ಈಗ ಗಾಳಿ ಇನ್ನೂ ಬಿಸಿ ಇದೆ ಎಂದಳು. ಹಾಗಾದರೆ ಬಾಲ್ಕನಿದು ಎಂದರು ಮಾವ. ಅದನ್ನೂ ಆಗಲೇ ಎಂದಳು ಅವಳು. ತುತ್ತನ್ನು ಕೈಯಲ್ಲೇ ಹಿಡಿದು ಅತ್ತೆ ಒಮ್ಮೆ ಇವಳನ್ನು, ಒಮ್ಮೆ ಅವರನ್ನು ನೋಡಿದರು. ಮೊದಲು ಅವರ ಕಣ್ಣು ಹೊಳೆಯಿತು. ಆಮೇಲೆ ಮುಖ ಸ್ವಲ್ಪ ಬಾಡಿತು. ತಟ್ಟೆ ತೊಳೆಯುವಾಗ ಸೊಸೆಯ ಪಕ್ಕ ಬಂದು ನಿಂತು, "ಇನ್ನು ನಿನಗೆ ನಾನು ಬೇಕಾಗಿಲ್ಲ ಬಿಡು," ಎಂದರು.

ಸೊಸೆ ಕೈ ಒರೆಸಿಕೊಂಡಳು. ಇಷ್ಟು ದಿನ ಗಂಟಲಲ್ಲೇ ಉಳಿದಿದ್ದ ಮಾತು ಈಗ ಸಲೀಸಾಗಿ ಬಂತು.

"ಮಾವಂಗೆ ಕಿಟಕಿ ವಿಷಯ ಬಿಟ್ರೆ ಬೇರೆ ಮಾತೇ ಗೊತ್ತಿಲ್ಲ ಅತ್ತೆ. ದಿನವಿಡೀ ಎಷ್ಟು ಅಂತ ಕಿಟಕಿ ಮಾತಾಡಲಿ ನಾನು? ನೀವು ಬರೋವರೆಗೂ ಈ ಮನೇಲಿ ಒಬ್ಬರೂ ನಕ್ಕಿಲ್ಲ."

ಅತ್ತೆ ಅವಳ ಕೆನ್ನೆಯನ್ನು ಒದ್ದೆ ಕೈಯಲ್ಲೇ ಚಿವುಟಿದರು. ಆದರೂ ಇರುತ್ತೇನೆ ಎನ್ನಲಿಲ್ಲ. ರಾತ್ರಿ ನೋಡೋಣ ಎಂದರು.

ಬೀದಿದೀಪ ಹತ್ತಿತು. ಮಾವ ಎದ್ದು ಒಂದೊಂದೇ ಕಿಟಕಿ ತೆರೆಯುತ್ತಾ ಹೋದರು. ನಡುಮನೆಯದು, ಕೋಣೆಯದು, ಅಡುಗೆಮನೆಯದು. ಬಾಲ್ಕನಿ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲ ಮಾಡಿ, ಮುಚ್ಚಿಕೊಳ್ಳದಿರಲಿ ಎಂದು ಕಾಲುಮಣೆಯೊಂದನ್ನು ಅಡ್ಡ ಇಟ್ಟರು. ಅತ್ತೆ ಮಂಚದ ಮೇಲೆ ಕೂತು ಬೆರಗಾಗಿ ನೋಡಿದರು. ತಾವು ಮದುವೆಯಾದ ಮನುಷ್ಯ ತಾನಾಗಿ ಒಂದು ಬಾಗಿಲನ್ನು ತೆರೆದಿಟ್ಟದ್ದು ಅವರ ನೆನಪಿನಲ್ಲೇ ಇರಲಿಲ್ಲ.

"ರೀ," ಎಂದರು, "ಮೈ ಹುಷಾರಾಗಿದೆ ತಾನೆ?"

ಬೆಳಗ್ಗೆ ಸೊಸೆ ಎದ್ದು ಬಂದಾಗ ಅತ್ತೆ ಇನ್ನೂ ಮಲಗಿದ್ದರು. ಸೆರಗು ಜಾರಿತ್ತು, ಬಾಯಿ ಕೊಂಚ ತೆರೆದಿತ್ತು, ಕಿಟಕಿಯ ಗಾಳಿಗೆ ಹಣೆಯ ಮೇಲಿನ ಬಿಳಿಕೂದಲು ಅಲುಗುತ್ತಿತ್ತು. ಅವಳು ಸದ್ದಾಗದಂತೆ ಅಡುಗೆ ಮುಗಿಸಿದಳು. ಬಿಸಿಲಿನ ಮೊದಲ ಗೆರೆ ಬಾಲ್ಕನಿಗೆ ಬಿದ್ದಾಗ ಮಾವ ಬಂದು ಕಿಟಕಿಗಳನ್ನು ಒಂದೊಂದಾಗಿ ಹಾಕತೊಡಗಿದರು. ಆ ಸದ್ದಿಗೆ ಅತ್ತೆಗೆ ಎಚ್ಚರವಾಯಿತು. ಎದ್ದು ಕೂತು ಕುತ್ತಿಗೆ ಒರೆಸಿಕೊಂಡರು. ಇಬ್ಬರೂ ತಮ್ಮ ಬಾಯನ್ನೇ ನೋಡುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ನಿಧಾನವಾಗಿ ಕೂದಲು ಗಂಟು ಹಾಕಿಕೊಂಡರು.

"ಮಗಳ ಮನೆ ತಂಪೆಲ್ಲಿ, ಇದೆಲ್ಲಿ. ಬೆವರೋದು ಬೆವರಿದೀನಿ," ಎಂದರು. ಮಾವನ ಕೈ ಕಿಟಕಿಯ ಮೇಲೆ ಹಾಗೇ ನಿಂತಿತು. "ಆದ್ರೆ ನಿದ್ದೆ ಬಂತು. ಅಲ್ಲಿ ಹೋದಾಗಿನಿಂದ ಹಿಂಗೆ ಮಲಗಿರಲಿಲ್ಲ."

ಅಷ್ಟು ಹೇಳಿ, ಬಾಗಿಲ ಬಳಿಯ ಚೀಲವನ್ನು ಒಳಗೆ ತಂದುಕೊಡು ಎಂದು ಸೊಸೆಗೆ ಹೇಳಿದರು.

ಕರಾರಿಲ್ಲದೆ ಏನೂ ಒಪ್ಪುವ ಹೆಂಗಸಲ್ಲ ಅವರು. ಮಧ್ಯಾಹ್ನ ತೀರಾ ತಡೆಯಲಾಗದ ದಿನಗಳಲ್ಲಿ ಮಗಳ ಮನೆಗೆ ಹೋಗಿ ಕೂತು, ಬಿಸಿಲು ಇಳಿದ ಮೇಲೆ ಬರುತ್ತೇನೆ ಎಂದರು. ಹೇಗೂ ಅಲ್ಲಿ ಮೊಮ್ಮಕ್ಕಳಿಗಾಗಿ ಆ ಹೊತ್ತಿಗೆ ಏಸಿ ಓಡುತ್ತಿರುತ್ತದೆ, ನನ್ನೊಬ್ಬಳಿಗಾಗಿ ಇನ್ನೊಂದು ಮಷೀನ್ ಯಾಕೆ ಓಡಬೇಕು ಎಂಬುದು ಅವರ ವಾದ. ಮಾವ ಸ್ವಲ್ಪ ಯೋಚಿಸಿದರು. ಮಧ್ಯಾಹ್ನ ತಾನೆ, ಮಲಗುವುದಿಲ್ಲವಲ್ಲ, ನಾನೂ ಬರುತ್ತೇನೆ ಎಂದರು. ಅತ್ತೆ, ಅಲ್ಲಿ ಬಂದು ಅವರ ಬಾಗಿಲು ಕಾಯ್ತೀರೇನು ಎಂದು ಅಣಕಿಸಿದರು. ಬೇಡ ಎಂದು ಮಾತ್ರ ಹೇಳಲಿಲ್ಲ.

ಅಂಥ ದಿನ ಬೇಗನೇ ಬಂತು. ಕಾಗೆ ಕೂಡ ಕೂಗದಂಥ ಮಧ್ಯಾಹ್ನ. ಇಬ್ಬರೂ ಒಂದೇ ಕೊಡೆ ಹಿಡಿದು ಬಸ್ ಸ್ಟಾಪಿಗೆ ಹೊರಟರು. ಕೊಡೆಯನ್ನು ಯಾರು ಹಿಡಿಯಬೇಕು ಎಂದು ಮೊದಲ ಮಹಡಿಯವರೆಗೂ ವಾದ ಕೇಳಿಸುತ್ತಿತ್ತು. ಸೊಸೆ ಬಾಲ್ಕನಿಗೆ ಬಂದು ಬಗ್ಗಿ ನೋಡಿದಳು. ಬಿಸಿಲಿಗೆ ಬೀದಿ ಬೆಳ್ಳಗೆ ಕಾದಿತ್ತು. ಕೊಡೆ ಮೆಲ್ಲಗೆ ನಡೆಯುತ್ತಾ ಹೋಗಿ, ತಿರುವಿನ ಹತ್ತಿರ ನಿಂತಿತು. ಕೊಡೆಯ ಅಂಚಿನಿಂದ ಮಾವನ ಮುಖ ಮೇಲಕ್ಕೆ ನೋಡಿತು.

"ಪಡುವಣ ಕಿಟಕಿ ಹಾಕಿದೀಯಾ?"

ಅಷ್ಟು ದೂರಕ್ಕೆ ಕೇಳಬೇಕಾದರೆ ಕೂಗಬೇಕು. ಅವಳು ಎಂದೂ ಕೂಗಿದವಳಲ್ಲ. ಕಟಕಟೆ ಹಿಡಿದು ಮುಂದಕ್ಕೆ ಬಾಗಿ, ಎದೆ ತುಂಬ ಉಸಿರು ತೆಗೆದುಕೊಂಡಳು.

"ಹಾಕಿದೀನಿ ಮಾವ, ನೀವು ನೆರಳಲ್ಲಿ ಹೋಗಿ!"

ಕೆಳಗಿನ ಮಹಡಿಯಲ್ಲಿ ಯಾರೋ ಕಿಟಕಿ ತೆರೆದು ಇದು ಯಾರ ದನಿ ಎಂದು ಮೇಲೆ ನೋಡಿದರು.